ಅಜ್ಜಿಯ ಮರೆವು ಮೊಮ್ಮಗಳಿಗೂ ಬರುತ್ತದೆಯೇ?

ಕಳೆದ ಯುಗಾದಿಗೆ ನಮ್ಮಕ್ಕ ತವರಿಗೆ ಬಂದಿದ್ದಳು. ಅವಳಿಗೆ ಈಗ ಎಂಬತ್ತೊಂದು, ನನಗಿಂತ ಏಳು ವರ್ಷ ದೊಡ್ಡವಳು. ಹಬ್ಬದ ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡಲು ಕೂತಳು. ಚುಕ್ಕಿಗಳನ್ನು ಸಾಲಾಗಿ ಇಟ್ಟಳು. ಆಮೇಲೆ ಕೈಯಲ್ಲಿ ಪುಡಿ ಹಿಡಿದುಕೊಂಡು ಸುಮ್ಮನೆ ನೋಡುತ್ತಾ ಕೂತುಬಿಟ್ಟಳು. ನಾನು ಪೇಪರ್ ತರಲು ಹೊರಗೆ ಬಂದಾಗ, "ಇದನ್ನ ಮುಂದೆ ಹೇಗೋ ಸೇರಿಸೋದು?" ಎಂದು ನನ್ನನ್ನೇ ಕೇಳಿದಳು. ಇಡೀ ಬೀದಿಯ ಹೆಣ್ಣುಮಕ್ಕಳಿಗೆ ರಂಗೋಲಿ ಕಲಿಸಿದವಳು ನಮ್ಮಕ್ಕ.

ಮರುದಿನ ಸಂಜೆ ಬೀದಿ ಕೊನೆಯ ಆಂಜನೇಯನ ಗುಡಿಗೆ ಹೋದವಳು ಒಂದು ಗಂಟೆಯಾದರೂ ಬರಲಿಲ್ಲ. ಐದನೇ ಕ್ಲಾಸಿನ ನನ್ನ ಮೊಮ್ಮಗ ಸೈಕಲ್ ಹತ್ತಿ ಹುಡುಕಲು ಹೋದ. ದರ್ಜಿ ಅಂಗಡಿಯ ಜಗುಲಿಯ ಮೇಲೆ ಕೂತಿದ್ದಳಂತೆ. ತುಮಕೂರಿನ ಆ ಬೀದಿಯಲ್ಲೇ ಅವಳು ಹುಟ್ಟಿದ್ದು, ಬೆಳೆದದ್ದು. ಕಣ್ಣು ಮುಚ್ಚಿಕೊಂಡು ಮನೆಗೆ ಬರಬಲ್ಲವಳಾಗಿದ್ದಳು. "ಬನ್ನಿ ದೊಡ್ಡಜ್ಜಿ, ಮನೆಗೆ ಹೋಗೋಣ" ಎಂದು ಹುಡುಗ ಕೈ ಹಿಡಿದರೆ, "ನೀನು ಯಾರ ಮಗನಪ್ಪಾ?" ಎಂದು ಕೇಳಿದಳಂತೆ.

ಆ ರಾತ್ರಿ ಊಟವಾದ ಮೇಲೆ ನನ್ನ ಮೊಮ್ಮಗಳು ಹತ್ತಿರ ಬಂದು ಕೂತಳು. ಅವಳಿಗೆ ಇಪ್ಪತ್ತೊಂದು, ಬೆಂಗಳೂರಿನಲ್ಲಿ ಕೊನೆಯ ವರ್ಷದ ಡಿಗ್ರಿ. "ತಾತ, ಮುತ್ತಜ್ಜಿಗೂ ಹೀಗೇ ಆಗಿತ್ತಲ್ವಾ? ಈಗ ದೊಡ್ಡಜ್ಜಿಗೆ. ಇದು ನಮ್ಮ ಮನೆತನದಲ್ಲೇ ಇದೆಯಾ? ನನಗೂ ಬರುತ್ತಾ?" ಎಂದಳು. ಮೊಬೈಲ್ ತೆಗೆದು ಒಂದು ಜಾಹೀರಾತು ತೋರಿಸಿದಳು. ಒಂದು ಚಿಕ್ಕ ಕೊಳವೆಯಲ್ಲಿ ಎಂಜಲು ತುಂಬಿ ಕಳಿಸಿದರೆ ಸಾಕು, ಯಾವ ಕಾಯಿಲೆಯ ಜೀನ್ ಇದೆ ಎಂದು ವರದಿ ಬರುತ್ತದಂತೆ.

ನಾನು ಬಿ.ಕಾಂ. ಓದಿ, ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತಾರು ವರ್ಷ ಕೂತು ಎದ್ದು ಬಂದವನು. ವೈದ್ಯನಲ್ಲ. ಅವಳಿಗೆ ಉತ್ತರ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. "ಸ್ವಲ್ಪ ದಿನ ತಡಿ, ಓದಿ ಹೇಳ್ತೀನಿ" ಎಂದೆ. ಆಮೇಲೆ ಕೆಲವು ತಿಂಗಳು ಪುಸ್ತಕ, ಲೇಖನಗಳನ್ನು ಹುಡುಕಿ ಓದಿದೆ. ಅಕ್ಕನನ್ನು ನೋಡುವ ನರರೋಗ ತಜ್ಞರನ್ನು ಕೇಳಿ ಕೇಳಿ ಬೇಸರ ಹುಟ್ಟಿಸಿದೆ. ನನ್ನ ಹಾಗೆ ಮನೆಯಲ್ಲಿ ಈ ಪ್ರಶ್ನೆ ಎದುರಿಸಿದ ಅಜ್ಜ-ಅಜ್ಜಿಯರಿಗೂ, ಕೇಳಲು ಹೆದರಿಕೊಂಡು ಸುಮ್ಮನಿರುವ ಮಕ್ಕಳಿಗೂ ಉಪಯೋಗವಾಗಲಿ ಎಂದು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಅರಳು ಮರಳು ಅಲ್ಲ, ಕಾಯಿಲೆ

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನನ್ನ ತಾಯಿಗೆ ಮರೆವು ಶುರುವಾದಾಗ ನಾವೆಲ್ಲ ಹೀಗೆಯೇ ಅಂದುಕೊಂಡು ಸುಮ್ಮನಾದೆವು. ಆದರೆ ಅದು ತಪ್ಪು. ವಯಸ್ಸಾದಾಗ ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಸಹಜ. ನನಗೆ ದಿನಕ್ಕೆ ಎರಡು ಸಲ ಆಗುತ್ತದೆ. ಕನ್ನಡಕ ಕೈಯಲ್ಲಿದ್ದರೂ ಇದು ಯಾತಕ್ಕೆ ಎಂದು ತಿಳಿಯದಿದ್ದರೆ ಅದು ಬೇರೆ. ನೆನಪು, ಮಾತು, ದಾರಿ, ಲೆಕ್ಕ ಇವೆಲ್ಲ ಒಂದೊಂದಾಗಿ ಕೈಬಿಟ್ಟು ನಿತ್ಯದ ಬದುಕೇ ಕಷ್ಟವಾಗುವ ಸ್ಥಿತಿಗೆ ಡಿಮೆನ್ಷಿಯಾ ಎನ್ನುತ್ತಾರೆ. ಅದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಹೆಚ್ಚು ಕಾಣುವುದು ಆಲ್ಝೈಮರ್ ಕಾಯಿಲೆ.

ಈ ಹೆಸರು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಅವರದು. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗಸ್ಟ್ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಆಕೆಗೆ ತನ್ನ ಹೆಸರು ಬರೆಯಲೂ ಆಗುತ್ತಿರಲಿಲ್ಲ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಝೈಮರ್ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ಹೊರಗೆ ಅಂಟಂಟು ಗಂಟುಗಳು, ಒಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳು ಕಂಡವು. ಹೊರಗಿನ ಗಂಟುಗಳು ಅಮಿಲಾಯ್ಡ್ ಎಂಬ ಪದಾರ್ಥದಿಂದ ಆದವು ಎಂದು ಈಗ ಗೊತ್ತಾಗಿದೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ 100ಕ್ಕೆ ಸುಮಾರು 7 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ನಮ್ಮಕ್ಕ ಒಬ್ಬಳೇ ಅಲ್ಲ.

ಅಪ್ಪನಿಂದ ಒಂದು, ಅಮ್ಮನಿಂದ ಒಂದು

ಮಕ್ಕಳೇ, ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ದೇಹ ಕಟ್ಟುವ ಸೂಚನೆಗಳ ಒಂದು ಪುಸ್ತಕ ಇದೆ ಎಂದುಕೊಳ್ಳಿ. ಅದರ ಒಂದೊಂದು ಸೂಚನೆಯೂ ಒಂದು ಜೀನ್. ಹೆಚ್ಚಿನ ಸೂಚನೆಗಳು ಎರಡೆರಡು ಪ್ರತಿ ಇರುತ್ತವೆ. ಒಂದು ಅಪ್ಪನಿಂದ ಬಂದದ್ದು, ಒಂದು ಅಮ್ಮನಿಂದ ಬಂದದ್ದು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂದು ಹಿರಿಯರು ಹೇಳಿದ್ದು ಇದನ್ನೇ, ಆದರೆ ತಂದೆಯ ಪಾಲನ್ನು ಬಿಟ್ಟುಬಿಟ್ಟರು!

ಹತ್ತೊಂಬತ್ತನೇ ವರ್ಣತಂತುವಿನ ಮೇಲೆ ಎಪಿಒಇ ಎಂಬ ಒಂದು ಜೀನ್ ಇದೆ. ಅದು ಒಂದು ಸಾಗಣೆ ಗಾಡಿಯನ್ನು ತಯಾರಿಸುತ್ತದೆ. ಕೊಲೆಸ್ಟರಾಲ್ ಮುಂತಾದ ಜಿಡ್ಡನ್ನು ಬೇಕಾದ ಕಡೆಗೆ ಹೊತ್ತೊಯ್ಯುವುದು ಆ ಗಾಡಿಯ ಕೆಲಸ. ಜಿಡ್ಡು ಎಂದ ಕೂಡಲೇ ನಾವು ಮೂಗು ಮುರಿಯುತ್ತೇವೆ. ಆದರೆ ಮಿದುಳಿಗೆ ಅದು ಬೇಕೇ ಬೇಕು. ನರಗಳ ಹೊದಿಕೆ, ಕೋಶಗಳ ಗೋಡೆ ಎಲ್ಲ ಅದರಿಂದಲೇ ಆಗುವುದು. ಮಿದುಳಿನಲ್ಲಿ ಸೇರುವ ಅಮಿಲಾಯ್ಡ್ ಕಸವನ್ನು ಹೊರಗೆ ಹಾಕುವುದರಲ್ಲೂ ಈ ಗಾಡಿಗೆ ಪಾಲಿದೆ.

ಈ ಜೀನ್ ಮನುಷ್ಯರಲ್ಲಿ ಮುಖ್ಯವಾಗಿ ಮೂರು ಬಗೆಯಾಗಿ ಸಿಗುತ್ತದೆ. ಅವಕ್ಕೆ 2, 3, 4 ಎಂದು ನಂಬರು. ಹೆಚ್ಚು ಜನರಲ್ಲಿ ಇರುವುದು 3. ಈ ಗಾಡಿ 299 ಮಣಿಗಳನ್ನು ಪೋಣಿಸಿದ ಸರ ಎಂದುಕೊಂಡರೆ, 3ಕ್ಕೂ 4ಕ್ಕೂ ವ್ಯತ್ಯಾಸ ಒಂದೇ ಒಂದು ಮಣಿ, 112ನೆಯದು. ಲೆಡ್ಜರಿನಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ದಿನದ ಲೆಕ್ಕ ಕೂಡಿಬಾರದೆ ರಾತ್ರಿ ಒಂಬತ್ತರವರೆಗೆ ಕೂತವನು ನಾನು. ಹಾಗಾಗಿ ಇದು ನನಗೆ ಬೇಗ ಅರ್ಥವಾಯಿತು. ನಾಲ್ಕನೇ ಬಗೆಯ ಗಾಡಿ ಕಸ ಸಾಗಿಸುವುದರಲ್ಲಿ ಸ್ವಲ್ಪ ಸೋಮಾರಿ.

1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಅಲೆನ್ ರೋಸಸ್ ಅವರ ತಂಡ ಈ 4ನೇ ಬಗೆಗೂ ಮುಪ್ಪಿನಲ್ಲಿ ಬರುವ ಆಲ್ಝೈಮರ್‌ಗೂ ನಂಟಿದೆ ಎಂದು ಕಂಡುಹಿಡಿಯಿತು. ಎರಡನೇ ಬಗೆ ಇದ್ದವರಿಗೆ ಅಪಾಯ ಕಡಿಮೆ ಎಂಬುದೂ ಮುಂದೆ ತಿಳಿಯಿತು.

ಇಪ್ಪತ್ತರ ಮಿದುಳಿನಲ್ಲಿ ಏನು ನಡೆಯುತ್ತದೆ?

ನನ್ನ ಮೊಮ್ಮಗಳ ನಿಜವಾದ ಪ್ರಶ್ನೆ ಇದು. ಕಾಯಿಲೆ ಬರುವುದು ಎಪ್ಪತ್ತರಲ್ಲಿ. ಹಾಗಾದರೆ ಇಪ್ಪತ್ತರಲ್ಲಿ ಆ ಜೀನ್ ನಿದ್ದೆ ಮಾಡುತ್ತಿರುತ್ತದೆಯೇ, ಎಚ್ಚರವಾಗಿರುತ್ತದೆಯೇ? ಇದನ್ನು ತಿಳಿಯಲು ವಿಜ್ಞಾನಿಗಳು ಆರೋಗ್ಯವಾಗಿರುವ ಹುಡುಗ ಹುಡುಗಿಯರನ್ನೇ ಪರೀಕ್ಷಿಸಿದರು. ಅಂಥ ಮೂರು ಪ್ರಯೋಗಗಳನ್ನು ಹೇಳುತ್ತೇನೆ.

ಮೊದಲನೆಯದು ಅಮೆರಿಕದ ಅರಿಜೋನಾದ್ದು. ಎರಿಕ್ ರೈಮನ್ ಅವರ ತಂಡ 2004ರಲ್ಲಿ ಪ್ರಕಟಿಸಿತು. ಇಪ್ಪತ್ತರಿಂದ ಮೂವತ್ತೊಂಬತ್ತು ವರ್ಷದೊಳಗಿನವರ ಮಿದುಳು ಎಷ್ಟು ಸಕ್ಕರೆ ಬಳಸುತ್ತದೆ ಎಂದು ಸ್ಕ್ಯಾನ್ ಮಾಡಿ ನೋಡಿದರು. ಮಿದುಳಿಗೆ ಸಕ್ಕರೆಯೇ ಇಂಧನ. 4ನೇ ಬಗೆಯ ಜೀನ್ ಇದ್ದವರಲ್ಲಿ ಕೆಲವು ಭಾಗಗಳು ಸ್ವಲ್ಪ ಕಡಿಮೆ ಸಕ್ಕರೆ ಬಳಸುತ್ತಿದ್ದವು. ಆಲ್ಝೈಮರ್ ರೋಗಿಗಳಲ್ಲಿ ಸೊರಗುವ ಭಾಗಗಳೂ ಅವೇ. ಆದರೆ ಈ ಯುವಕರ ನೆನಪು, ಬುದ್ಧಿ ಎಲ್ಲ ಸರಿಯಾಗಿಯೇ ಇತ್ತು.

ಎರಡನೆಯದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2009ರಲ್ಲಿ ಪ್ರಕಟಿಸಿದ್ದು. ಇಪ್ಪತ್ತರಿಂದ ಮೂವತ್ತೈದರ 36 ಮಂದಿ. ಅರ್ಧ ಜನರಲ್ಲಿ 4ನೇ ಬಗೆ ಇತ್ತು, ಇನ್ನರ್ಧ ಜನರಲ್ಲಿ ಇರಲಿಲ್ಲ. ಮಿದುಳಿನೊಳಗೆ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ನೋಡಲು ಕಡಲ ಕುದುರೆಯ ಆಕಾರ. ಹೊಸ ನೆನಪುಗಳು ದಾಖಲಾಗುವುದು ಅಲ್ಲಿ. ನೆನಪಿನ ಪರೀಕ್ಷೆ ಕೊಟ್ಟಾಗ ಎರಡೂ ಗುಂಪಿನವರಿಗೆ ಬಂದ ಅಂಕ ಒಂದೇ. ಆದರೆ ಜೀನ್ ಇದ್ದವರ ಹಿಪ್ಪೊಕ್ಯಾಂಪಸ್ ಅದೇ ಕೆಲಸಕ್ಕೆ ಹೆಚ್ಚು ದುಡಿಯುತ್ತಿತ್ತು. ಸುಮ್ಮನೆ ಮಲಗಿದ್ದಾಗಲೂ ಅವರ ಮಿದುಳಿನ ಕೆಲವು ಭಾಗಗಳು ಹೆಚ್ಚು ಚುರುಕಾಗಿದ್ದವು.

ನಮ್ಮ ಶಾಖೆಯಲ್ಲಿ ಇಬ್ಬರು ಗುಮಾಸ್ತರಿದ್ದರು ಎಂದುಕೊಳ್ಳಿ. ಇಬ್ಬರೂ ಸಂಜೆ ಐದಕ್ಕೆ ಲೆಕ್ಕ ಸರಿಯಾಗಿ ಮುಗಿಸುತ್ತಾರೆ. ಒಬ್ಬ ಮಧ್ಯಾಹ್ನ ಊಟಕ್ಕೆ ಎದ್ದು ಹೋಗಿ ಬಂದು ಮುಗಿಸುತ್ತಾನೆ. ಇನ್ನೊಬ್ಬ ಊಟವನ್ನೂ ಬಿಟ್ಟು ಮುಗಿಸುತ್ತಾನೆ. ಮ್ಯಾನೇಜರಿಗೆ ಕಾಣುವ ಲೆಕ್ಕ ಒಂದೇ. ಮೂವತ್ತು ವರ್ಷ ಹೀಗೇ ದುಡಿದರೆ ಎರಡನೆಯವನು ಬೇಗ ದಣಿಯಬಹುದೇ? ವಿಜ್ಞಾನಿಗಳು ಈಗ ಚರ್ಚಿಸುತ್ತಿರುವುದು ಇದನ್ನೇ. ದಣಿಯುತ್ತಾನೆ ಎಂದು ಕೆಲವರು. ಇಲ್ಲ, ಅವನಿಗೆ ಶಕ್ತಿ ಹೆಚ್ಚು, ಅದಕ್ಕೇ ಹಾಗೆ ದುಡಿಯುತ್ತಾನೆ ಎಂದು ಕೆಲವರು. ಚಿಕ್ಕ ವಯಸ್ಸಿನಲ್ಲಿ ಈ ಜೀನ್ ಇದ್ದವರು ಕೆಲವು ಪರೀಕ್ಷೆಗಳಲ್ಲಿ ಉಳಿದವರಿಗಿಂತ ತುಸು ಮುಂದಿದ್ದ ಉದಾಹರಣೆಗಳೂ ಇವೆ.

ಮೂರನೆಯದನ್ನು ಓದುವಾಗ ನನಗೆ ಅಕ್ಕ ಜಗುಲಿಯ ಮೇಲೆ ಕೂತ ಚಿತ್ರವೇ ಕಣ್ಣಿಗೆ ಬಂತು. 2015ರಲ್ಲಿ ಜರ್ಮನಿಯ ಲೂಕಾಸ್ ಕುಂಟ್ಸ್, ನಿಕೊಲೈ ಆಕ್ಸ್‌ಮಾಕರ್ ಮತ್ತು ಸಂಗಡಿಗರು ಹದಿನೆಂಟರಿಂದ ಮೂವತ್ತರ ಯುವಕರಿಗೆ ಸ್ಕ್ಯಾನರಿನೊಳಗೆ ಒಂದು ಕಂಪ್ಯೂಟರ್ ಆಟ ಕೊಟ್ಟರು. ಪರದೆಯ ಮೇಲೆ ಒಂದು ದುಂಡನೆಯ ಮೈದಾನ. ಅಲ್ಲಲ್ಲಿ ಕೆಲವು ವಸ್ತುಗಳು. ಯಾವ ವಸ್ತು ಎಲ್ಲಿತ್ತು ಎಂದು ನೆನಪಿಟ್ಟುಕೊಂಡು ಅದೇ ಜಾಗಕ್ಕೆ ನಡೆದು ಹೋಗಬೇಕು.

ನಾವು ಎಲ್ಲಿದ್ದೇವೆ ಎಂದು ಲೆಕ್ಕ ಇಡಲು ನಮ್ಮ ಮಿದುಳಿನಲ್ಲಿ ಗ್ರಿಡ್ ಕೋಶಗಳಿವೆ. ಇವು ನಾವು ಓಡಾಡುವ ಜಾಗದ ಮೇಲೆ ರಂಗೋಲಿಯ ಚುಕ್ಕಿಗಳಂತೆ ಒಂದು ಅದೃಶ್ಯ ಜಾಲ ಹಾಸುತ್ತವೆ. ಇವುಗಳನ್ನು ಕಂಡುಹಿಡಿದ ನಾರ್ವೆಯ ಮೋಸರ್ ದಂಪತಿಗೆ, ಜಾನ್ ಓಕೀಫ್ ಅವರೊಂದಿಗೆ 2014ರ ನೊಬೆಲ್ ಪ್ರಶಸ್ತಿ ಬಂತು. ಆಲ್ಝೈಮರ್ ಕಾಯಿಲೆ ಮೊದಲು ಕೈ ಹಾಕುವ ಜಾಗಗಳಲ್ಲಿ ಇವು ಇರುವ ಭಾಗವೂ ಒಂದು. ದಾರಿ ತಪ್ಪುವುದು ಈ ಕಾಯಿಲೆಯ ಮೊದಮೊದಲ ಲಕ್ಷಣಗಳಲ್ಲಿ ಬರುವುದು ಅದಕ್ಕೇ.

4ನೇ ಬಗೆಯ ಜೀನ್ ಇದ್ದ ಯುವಕರಲ್ಲಿ ಈ ಜಾಲದ ಸಂಕೇತ ದುರ್ಬಲವಾಗಿತ್ತು. ಅವರು ಮೈದಾನದ ಮಧ್ಯಕ್ಕೆ ಹೋಗುವುದಕ್ಕಿಂತ ಅಂಚಿನ ಹತ್ತಿರ ಓಡಾಡುವುದೇ ಹೆಚ್ಚು. ಆದರೂ ವಸ್ತುಗಳ ಜಾಗ ಹುಡುಕುವುದರಲ್ಲಿ ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ಇಲ್ಲೂ ಹಿಪ್ಪೊಕ್ಯಾಂಪಸ್ ಹೆಚ್ಚು ದುಡಿದು ಕೊರತೆ ತುಂಬುತ್ತಿತ್ತು.

ಇದನ್ನು ಓದಿ ಹೇಳುತ್ತಿದ್ದಾಗ ನನ್ನ ಮೊಮ್ಮಗ ಗಾಬರಿಯಾದ. "ತಾತ, ನಾನು ಗ್ರೌಂಡ್‌ನಲ್ಲಿ ಯಾವಾಗ್ಲೂ ಅಂಚಲ್ಲೇ ನಿಲ್ಲೋದು!" ಎಂದ. "ನೀನು ನಿಲ್ಲೋದು ಬೌಂಡರಿ ಫೀಲ್ಡರ್ ಆಗಿ ಕಣೋ" ಎಂದು ಸಮಾಧಾನ ಮಾಡಿದೆ. ಮಕ್ಕಳೇ, ನೀವೂ ಗಾಬರಿಯಾಗಬೇಡಿ. ಇವು ಗುಂಪು ಗುಂಪುಗಳ ಸರಾಸರಿ ನೋಡಿದಾಗ ಕಂಡ ಸಣ್ಣ ವ್ಯತ್ಯಾಸಗಳು. ಒಬ್ಬ ಹುಡುಗನನ್ನು ನೋಡಿ ಇವನಿಗೆ ಆ ಜೀನ್ ಇದೆ ಎಂದು ಯಾರೂ ಹೇಳಲಾರರು. ಪರೀಕ್ಷೆಗೆ ಒಳಗಾದವರ ಸಂಖ್ಯೆಯೂ ಚಿಕ್ಕದು. ಆಮೇಲೆ ನಡೆದ ಎಲ್ಲ ಅಧ್ಯಯನಗಳಲ್ಲೂ ಇದೇ ಫಲಿತಾಂಶ ಬಂದಿಲ್ಲ. ಅಪಾಯದ ಜೀನ್ ಎಪ್ಪತ್ತರವರೆಗೆ ಕಾದು ಕೂರುವುದಿಲ್ಲ, ಮಿದುಳಿನ ಕೆಲಸದ ರೀತಿಯನ್ನು ಯೌವನದಲ್ಲೇ ಒಂದಿಷ್ಟು ಬದಲಿಸಬಹುದು. ನಾವು ತಿಳಿಯಬೇಕಾದ್ದು ಇಷ್ಟು. ಅದು ಕಾಯಿಲೆ ಅಲ್ಲ.

ಅಪಾಯ ಬೇರೆ, ಹಣೆಬರಹ ಬೇರೆ

ಗುಮಾಸ್ತನಾದ ನನಗೆ ಅಂಕಿ ಬೇಕು. "ಅಪಾಯ ಜಾಸ್ತಿ" ಎಂದರೆ ಎಷ್ಟು ಜಾಸ್ತಿ?

ಯುರೋಪ್ ಮೂಲದ ಜನರ ಮೇಲೆ 2011ರಲ್ಲಿ ಮಾಡಿದ ಒಂದು ಲೆಕ್ಕ ಹೀಗಿದೆ. ಸಾಮಾನ್ಯವಾಗಿ 100 ಜನರಲ್ಲಿ 11ರಿಂದ 14 ಮಂದಿಗೆ 85 ವರ್ಷದ ಹೊತ್ತಿಗೆ ಆಲ್ಝೈಮರ್ ಬರುತ್ತದೆ. 4ನೇ ಬಗೆ ಒಂದು ಪ್ರತಿ ಇದ್ದರೆ 23ರಿಂದ 30 ಮಂದಿಗೆ. ಎರಡು ಪ್ರತಿ ಇದ್ದರೆ 51ರಿಂದ 60 ಮಂದಿಗೆ. ಈಗ ಅದನ್ನೇ ತಿರುಗಿಸಿ ಓದಿ. ಒಂದು ಪ್ರತಿ ಇದ್ದ 100 ಜನರಲ್ಲಿ 70ಕ್ಕೂ ಹೆಚ್ಚು ಮಂದಿಗೆ 85ರವರೆಗೂ ಬರುವುದಿಲ್ಲ. ಎರಡು ಪ್ರತಿ ಇದ್ದವರಲ್ಲೂ 40ಕ್ಕಿಂತ ಹೆಚ್ಚು ಮಂದಿ ಪಾರಾಗುತ್ತಾರೆ. ಈ ಜೀನ್ ಇಲ್ಲದೆಯೂ ಕಾಯಿಲೆ ಬಂದವರು ಬೇಕಾದಷ್ಟು ಜನರಿದ್ದಾರೆ.

ಭಾರತದ್ದೂ ಒಂದು ಲೆಕ್ಕ ಇದೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳನ್ನೂ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಪ್ರದೇಶವನ್ನೂ ಹೋಲಿಸಿ ನೋಡಿದಾಗ, ನಮ್ಮವರಲ್ಲಿ ಈ 4ನೇ ಬಗೆ 100 ಪ್ರತಿಗಳಲ್ಲಿ ಸುಮಾರು 7, ಅಲ್ಲಿ ಸುಮಾರು 11 ಇತ್ತು. ಆದರೆ ಅದು ಇದ್ದವರಿಗೆ ಅಪಾಯ ಹೆಚ್ಚು ಎಂಬುದು ಎರಡೂ ಕಡೆ ನಿಜವಾಗಿತ್ತು.

ದಕ್ಷಿಣ ಅಮೆರಿಕದ ಕೊಲಂಬಿಯಾದಿಂದ 2019ರಲ್ಲಿ ಬಂದ ಸುದ್ದಿ ಇನ್ನೂ ಸೋಜಿಗದ್ದು. ಅಲ್ಲಿನ ಒಂದು ದೊಡ್ಡ ಮನೆತನದಲ್ಲಿ ಬೇರೊಂದು ಜೀನ್ ದೋಷದಿಂದ ನಲವತ್ತರ ಆಸುಪಾಸಿನಲ್ಲೇ ಆಲ್ಝೈಮರ್ ಬರುತ್ತದೆ. ಆ ದೋಷವಿದ್ದ ಒಬ್ಬ ಹೆಂಗಸಿಗೆ ಎಪ್ಪತ್ತರವರೆಗೂ ಬರಲಿಲ್ಲ. ನೋಡಿದರೆ ಆಕೆಯ ಎರಡೂ ಎಪಿಒಇ ಪ್ರತಿಗಳಲ್ಲಿ ಬಲು ಅಪರೂಪದ ಒಂದು ಬದಲಾವಣೆ ಇತ್ತು. ಅದೇ ಆಕೆಯನ್ನು ಕಾಪಾಡಿರಬೇಕು ಎಂದು ವಿಜ್ಞಾನಿಗಳು ಭಾವಿಸಿದ್ದಾರೆ. ಒಂದೇ ಜೀನ್, ಒಂದು ರೂಪದಲ್ಲಿ ಅಪಾಯ, ಇನ್ನೊಂದು ರೂಪದಲ್ಲಿ ರಕ್ಷೆ.

ತಿಳಿಯಬೇಕೆ, ಬೇಡವೆ?

ಮಕ್ಕಳಿಗೆ ಥಾರ್ ಪಾತ್ರದ ನಟ ಕ್ರಿಸ್ ಹೆಮ್ಸ್‌ವರ್ತ್ ಗೊತ್ತು. ಸುತ್ತಿಗೆ ಬೀಸುವ ಆ ಆಜಾನುಬಾಹು 2022ರಲ್ಲಿ ಒಂದು ಸಾಕ್ಷ್ಯಚಿತ್ರ ಸರಣಿಗಾಗಿ ಪರೀಕ್ಷೆ ಮಾಡಿಸಿಕೊಂಡಾಗ ಅವರಲ್ಲಿ 4ನೇ ಬಗೆಯ ಎರಡು ಪ್ರತಿಗಳು ಇರುವುದು ತಿಳಿಯಿತು. ಅವರ ತಾತನಿಗೆ ಆ ಕಾಯಿಲೆ ಇತ್ತು. ಅವರು ಅದನ್ನು ಮುಚ್ಚಿಡದೆ ಜಗತ್ತಿಗೆ ಹೇಳಿದರು, ಆರೋಗ್ಯದ ಕಡೆ ಹೆಚ್ಚು ಗಮನ ಕೊಡಲು ಇದೊಂದು ಕಾರಣ ಎಂದುಕೊಂಡರು.

ಇನ್ನೊಬ್ಬರು ಜೇಮ್ಸ್ ವಾಟ್ಸನ್. 1953ರಲ್ಲಿ ಫ್ರಾನ್ಸಿಸ್ ಕ್ರಿಕ್ ಜೊತೆ ಡಿಎನ್‌ಎ ರಚನೆಯನ್ನು ವಿವರಿಸಿದವರು. 2007ರಲ್ಲಿ ಅವರ ಪೂರ್ತಿ ಜೀನ್ ಪುಸ್ತಕವನ್ನೇ ಓದಿ ಅವರ ಕೈಗೆ ಕೊಟ್ಟಾಗ, ಎಲ್ಲವನ್ನೂ ಬಹಿರಂಗ ಮಾಡಿ, ಎಪಿಒಇ ಒಂದನ್ನು ಬಿಟ್ಟು, ಅದನ್ನು ನನಗೂ ಹೇಳಬೇಡಿ ಎಂದರು. ಅವರ ಒಬ್ಬ ಅಜ್ಜಿಗೆ ಆಲ್ಝೈಮರ್ ಇತ್ತು.

ಹೇಳಿದವರೂ ಸರಿ, ಬೇಡ ಎಂದವರೂ ಸರಿ. ಹಾಗಾದರೆ ನನ್ನ ಮೊಮ್ಮಗಳು?

ನಾನು ಕಾಗದದ ಮೇಲೆ ಅವಳಿಗೆ ಒಂದು ಲೆಕ್ಕ ಬರೆದು ತೋರಿಸಿದೆ. ನನ್ನ ತಾಯಿಯಲ್ಲಿ ಆ ಜೀನ್ ಒಂದು ಪ್ರತಿ ಇತ್ತು ಎಂದೇ ಇಟ್ಟುಕೊಳ್ಳೋಣ. ಅದೂ ಗೊತ್ತಿಲ್ಲ. ಅದು ನನಗೆ ಬಂದಿರುವ ಸಾಧ್ಯತೆ ಎರಡರಲ್ಲಿ ಒಂದು. ನನ್ನಿಂದ ಮಗಳಿಗೆ ನಾಲ್ಕರಲ್ಲಿ ಒಂದು. ಮಗಳಿಂದ ಮೊಮ್ಮಗಳಿಗೆ ಎಂಟರಲ್ಲಿ ಒಂದು. ಬೇರೆ ಅಜ್ಜ-ಅಜ್ಜಿಯರ ಕಡೆಯಿಂದ ಬರುವುದು ಬೇರೆ ಲೆಕ್ಕ.

ಅವಳು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದ್ರೆ ತಾತ, ನನಗೆ ಎರಡು ಪ್ರತಿ ಇದೆ ಅಂತ ಬಂದ್ರೆ, ಅಮ್ಮನಲ್ಲಿ ಇದ್ದೇ ಇದೆ ಅಂತ ಆಗುತ್ತಲ್ವಾ?" ಎಂದಳು. ಅಡುಗೆಮನೆಯ ಬಾಗಿಲಲ್ಲಿ ನನ್ನ ಮಗಳು ನಿಂತಿದ್ದಳು. ಅವಳಿಗೆ ನಲವತ್ತೇಳು. "ನನಗೆ ಗೊತ್ತಾಗೋದು ಬೇಡ ಕಣೇ. ಗೊತ್ತಾದ್ರೆ ಒಂದು ಸಲ ಹಾಲು ಉಕ್ಕಿಸಿದ್ರೂ ಶುರುವಾಯ್ತು ಅಂತ ಹೆದರ್ಕೋತೀನಿ" ಎಂದಳು.

ಈ ವಿಷಯ ನನಗೆ ಮೊದಲು ಹೊಳೆದಿರಲಿಲ್ಲ. ಬ್ಯಾಂಕಿನಲ್ಲಿ ಜಂಟಿ ಖಾತೆ ಇದ್ದರೆ ಒಬ್ಬರು ಪಾಸ್‌ಬುಕ್ ತೆರೆದರೂ ಇಬ್ಬರ ಲೆಕ್ಕವೂ ಕಾಣುತ್ತದೆ. ಜೀನ್ ವರದಿಯೂ ಹಾಗೆಯೇ. ಒಬ್ಬಳು ತೆರೆದರೆ ಅಮ್ಮನದು, ಅಪ್ಪನದು, ತಮ್ಮನದು ಎಲ್ಲದರ ಮೇಲೂ ಸ್ವಲ್ಪ ಬೆಳಕು ಬೀಳುತ್ತದೆ.

ನಾನು ಅಕ್ಕನ ವೈದ್ಯರನ್ನು ಕೇಳಿದೆ. ಲಕ್ಷಣಗಳೇ ಇಲ್ಲದ ಇಪ್ಪತ್ತೊಂದರ ಹುಡುಗಿಗೆ ಈ ಪರೀಕ್ಷೆ ಮಾಡಿಸಿ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ ಎಂದರು. ಇದೆ ಎಂದು ತಿಳಿದರೂ ಆ ವಯಸ್ಸಿನಲ್ಲಿ ಕೊಡುವ ಬೇರೆ ಔಷಧಿ ಇಲ್ಲ, ಇಲ್ಲ ಎಂದು ತಿಳಿದರೂ ನಿಶ್ಚಿಂತೆ ಇಲ್ಲ. ಮಾಡಿಸಲೇಬೇಕೆಂದರೆ ಮೊದಲು ತಳಿ ಸಲಹೆಗಾರರ ಹತ್ತಿರ ಕೂತು ಮಾತಾಡಿ, ಎಂಜಲನ್ನು ಅಂಚೆಯಲ್ಲಿ ಕಳಿಸಿ ಒಂಟಿಯಾಗಿ ವರದಿ ಓದಬೇಡಿ ಎಂದರು.

ನಮ್ಮ ಕೈಯಲ್ಲಿ ಇರುವುದು

ಜೀನ್ ನಮ್ಮ ಕೈಯಲ್ಲಿ ಇಲ್ಲ. ಇರುವುದು ಬೇರೆ ಬಹಳ ಇದೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿತು. ಇವೆಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ನೂರಕ್ಕೆ 45ರಷ್ಟನ್ನು ತಪ್ಪಿಸಬಹುದು ಇಲ್ಲವೇ ಮುಂದೂಡಬಹುದು ಎಂದು ಅದರ ಅಂದಾಜು. ಚಿಕ್ಕಂದಿನಲ್ಲಿ ಸಾಕಷ್ಟು ಓದು ಸಿಗದಿರುವುದು, ಕಿವಿ ಮಂದವಾಗುವುದು, ಕಣ್ಣಿನ ದೋಷಕ್ಕೆ ಚಿಕಿತ್ಸೆ ಮಾಡಿಸದಿರುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಬೀಡಿ-ಸಿಗರೇಟು, ಅತಿಯಾದ ಕುಡಿತ, ಮೈ ಬಗ್ಗಿಸದಿರುವುದು, ತಲೆಗೆ ಪೆಟ್ಟು, ಖಿನ್ನತೆ, ಕೆಟ್ಟ ಗಾಳಿ, ಒಂಟಿತನ.

ಮಕ್ಕಳೇ, ಇದರಲ್ಲಿ ಮೊದಲನೆಯದು ನಿಮ್ಮದು. ನೀವು ಇವತ್ತು ಓದುವ ಪಾಠ ಎಪ್ಪತ್ತರ ನಿಮ್ಮ ಮಿದುಳಿಗೆ ಈಗಲೇ ಕಟ್ಟುವ ಆರ್‌.ಡಿ. ಕಂತು. ಸೈಕಲ್, ಬೈಕ್ ಓಡಿಸುವಾಗ ಹೆಲ್ಮೆಟ್ ಹಾಕುವುದೂ ಈ ಪಟ್ಟಿಗೆ ಸೇರಿದ್ದೇ.

ಫಿನ್ಲೆಂಡಿನಲ್ಲಿ 60ರಿಂದ 77ರ 1,260 ಮಂದಿಯನ್ನು ಸೇರಿಸಿ ಒಂದು ಪ್ರಯೋಗ ನಡೆಯಿತು. ಅರ್ಧ ಜನರಿಗೆ ಎರಡು ವರ್ಷ ಒಳ್ಳೆಯ ಆಹಾರ, ವ್ಯಾಯಾಮ, ಮಿದುಳಿಗೆ ಕಸರತ್ತು, ರಕ್ತದೊತ್ತಡದ ತಪಾಸಣೆ ಎಲ್ಲ ಒಟ್ಟಿಗೆ ಕೊಟ್ಟರು. 2015ರಲ್ಲಿ ಬಂದ ಫಲಿತಾಂಶದಲ್ಲಿ ಅವರ ಬುದ್ಧಿಶಕ್ತಿ ಉಳಿದವರಿಗಿಂತ ಚೆನ್ನಾಗಿತ್ತು. 4ನೇ ಬಗೆಯ ಜೀನ್ ಇದ್ದವರಿಗೂ ಅದರಿಂದ ಲಾಭವಾಗಿತ್ತು ಎಂದು ಆಮೇಲೆ ತಿಳಿಯಿತು. ಮೊಮ್ಮಗಳಿಗೆ ನಾನು ಎರಡು ಸಲ ಓದಿ ಹೇಳಿದ ಸಾಲು ಇದು.

ನಮ್ಮ ರಾಜ್ಯದಲ್ಲೂ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ರಕ್ತ, ಸ್ಕ್ಯಾನ್, ಜೀನ್, ನೆನಪಿನ ಪರೀಕ್ಷೆ ಎಲ್ಲವೂ ಇದೆ. ಮಾವಿನ ತೋಟದ ರೈತರು, ರೇಷ್ಮೆ ಸಾಕುವವರು ಕೊಡುವ ಈ ಲೆಕ್ಕದಿಂದ ನಮ್ಮವರ ಮಿದುಳಿನ ಕಥೆ ನಮ್ಮವರಿಂದಲೇ ತಿಳಿಯಲಿದೆ.

ನಾನು ತಪ್ಪು ಮಾಡಿದ್ದು

ಒಂದು ಮಾತು ಒಪ್ಪಿಕೊಳ್ಳಬೇಕು. ಕೌಂಟರಿನಲ್ಲಿ ಕೂತಾಗ ಪಿಂಚಣಿಗೆ ಬಂದ ಮುದುಕರು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಹತ್ತು ಸಲವೂ ನಗುತ್ತಾ ಉತ್ತರ ಹೇಳುತ್ತಿದ್ದೆ. ಮನೆಗೆ ಬಂದರೆ ಅಮ್ಮ, "ಊಟ ಆಯ್ತೇನೋ?" ಎಂದು ಕೇಳುವಳು. ಐದು ನಿಮಿಷ ಬಿಟ್ಟು ಮತ್ತೆ ಕೇಳುವಳು. ಒಂದು ದಿನ, "ಎಷ್ಟು ಸಲ ಹೇಳ್ಬೇಕು ನಿಂಗೆ!" ಎಂದು ರೇಗಿಬಿಟ್ಟೆ. ಅಮ್ಮ ಹೆದರಿ ಗೋಡೆಗೆ ಒತ್ತಿಕೊಂಡು, "ಸ್ವಾಮಿ, ನೀವು ಯಾರು?" ಎಂದಳು. ಅದಾಗಿ ಬಹಳ ವರ್ಷವಾಯಿತು. ಆ ಮಾತು ಮಾತ್ರ ನನಗೆ ಮರೆತಿಲ್ಲ. ಅವಳದು ಕಾಯಿಲೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಹಾಗೆ ಕೂಗುತ್ತಿರಲಿಲ್ಲ.

ಆದ್ದರಿಂದ ಮಕ್ಕಳೇ, ನಿಮ್ಮ ಮನೆಯ ಅಜ್ಜ-ಅಜ್ಜಿಗೆ ಮರೆವಿದ್ದರೆ, "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. "ಅಜ್ಜಿ, ನಾನು ನಿಮ್ಮ ಮೊಮ್ಮಗ, ಸ್ಕೂಲಿಂದ ಬಂದೆ" ಎಂದು ನೀವೇ ಹೇಳಿಬಿಡಿ. ಅದೇ ಕಥೆ ಮತ್ತೆ ಹೇಳಿದರೆ ಮತ್ತೆ ಕೇಳಿ. ಒಬ್ಬರೇ ಹೊರಗೆ ಹೊರಟರೆ ಜೊತೆಗೆ ಹೋಗಿ. ಹಿರಿಯರೇ, ಮರೆವು ಹೆಚ್ಚಾದರೆ ಮುಚ್ಚಿಡದೆ ವೈದ್ಯರಲ್ಲಿಗೆ ಹೋಗಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ.

ಅಕ್ಕನದು ಆಲ್ಝೈಮರ್ ಇರಬೇಕು ಎಂದೇ ವೈದ್ಯರು ಹೇಳಿದ್ದಾರೆ. ಹತ್ತು ವರ್ಷದಿಂದ ಅವಳ ಕಿವಿ ಮಂದವಾಗಿತ್ತು, ನಾವು ಯಾರೂ ಗಮನ ಕೊಟ್ಟಿರಲಿಲ್ಲ. ಈಗ ಕಿವಿಗೆ ಯಂತ್ರ ಹಾಕಿಸಿದ್ದೇವೆ. ಕಾಯಿಲೆ ಹೋಗಲಿಲ್ಲ. ಆದರೆ ಮಾತಾಡಿದರೆ ತಿರುಗಿ ನೋಡುತ್ತಾಳೆ, ನಗುತ್ತಾಳೆ.

ಮೊಮ್ಮಗಳು ಪರೀಕ್ಷೆ ಮಾಡಿಸಿಲ್ಲ. "ಯಾವತ್ತೂ ಬೇಡ ಅಂತ ಅಲ್ಲ ತಾತ. ಅಮ್ಮ ಒಪ್ಪಿದ ದಿನ ನೋಡೋಣ" ಎಂದಿದ್ದಾಳೆ. ಅಲ್ಲಿಯವರೆಗೆ ಇಬ್ಬರೂ ಬೆಳಿಗ್ಗೆ ಅರ್ಧ ಗಂಟೆ ನಡೆಯುವುದೆಂದು ಒಪ್ಪಂದ. ಅವಳು ಬೆಂಗಳೂರಿನಲ್ಲಿ, ಅವಳಮ್ಮ ಇಲ್ಲಿ, ಫೋನಿನಲ್ಲಿ ಮಾತಾಡುತ್ತಾ ನಡೆಯುತ್ತಾರೆ. ನನಗೂ ಆ ವರದಿ ಬೇಡ. ಎಪ್ಪತ್ನಾಲ್ಕಕ್ಕೆ ನಾನು ತಿಳಿದು ಮಾಡುವುದೇನಿದೆ? ತಿಳಿಯದೆಯೂ ನಡೆಯಬಹುದು, ಓದಬಹುದು, ಹೀಗೆ ಬರೆಯಬಹುದು.

ಹೋದ ಭಾನುವಾರ ಮೊಮ್ಮಗ ಬಾಗಿಲ ಮುಂದೆ ಚುಕ್ಕಿ ಇಟ್ಟು ಅಕ್ಕನ ಕೈಗೆ ರಂಗೋಲಿ ಪುಡಿ ಕೊಟ್ಟ. ಮೊದಲ ಎರಡು ಗೆರೆ ಅವನೇ ಎಳೆದ. ಕೈ ಕಲಿತದ್ದು ಬೇಗ ಮರೆಯುವುದಿಲ್ಲ ಎಂದು ವೈದ್ಯರು ಹೇಳಿದ್ದು ನಿಜ. ಮೂರನೆಯ ಗೆರೆಯಿಂದ ಅಕ್ಕನ ಬೆರಳು ತಾನಾಗಿ ಹರಿಯತೊಡಗಿತು. ಮುಗಿದ ಮೇಲೆ ಹುಡುಗನ ಕಡೆ ತಿರುಗಿ, "ನೀನು ಯಾರ ಮಗನಪ್ಪಾ? ಚುಕ್ಕಿ ಚೆನ್ನಾಗಿ ಇಡ್ತೀಯ" ಎಂದಳು.

"ನಿಮ್ಮ ತಮ್ಮನ ಮೊಮ್ಮಗ, ದೊಡ್ಡಜ್ಜಿ" ಎಂದು ಅವನು ಹೇಳಿದ. ಅಂದು ಅವನು ಹಾಗೆ ಹೇಳಿದ್ದು ಅದು ಆರನೆಯ ಸಲ.